ಕಾಂತು ಮಾವನ ಹಿತ್ತಾಳೆ

ಇಷ್ಟಕ್ಕೆಲ್ಲ ಕಾರಣ ಒಂದು ಚೀಟಿ. ಬಸ್ಸಿನ ಟಿಕೇಟಿನಷ್ಟು ಅಗಲ, ಬೆರಳಿನಷ್ಟು ಉದ್ದ. ಬೆಳಗ್ಗೆ ಆರೂವರೆಗೆ ಅದು ಪಾಂಡೆದಗುಡ್ಡೆ ಹಾಲು ಉತ್ಪಾದಕರ ಸಂಘದ ಯಂತ್ರದ ಬಾಯಿಂದ, ಯಾರನ್ನೋ ಅಣಕಿಸುವ ನಾಲಗೆಯ ಹಾಗೆ, ಮೆಲ್ಲನೆ ಹೊರಗೆ ಬಂತು. ಕಾರ್ಯದರ್ಶಿ ಚನಿಯಪ್ಪ ಅದನ್ನು ಹರಿದು ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಆಮೇಲೆ ಮುಂಡಪ್ಪನ ಮುಖ ನೋಡದೆ ಹೇಳಿದ:

“ಮುಂಡಪ್ಪಣ್ಣ, ಇವತ್ತಿನ ಹಾಲು ವಾಪಸ್ ಕೊಂಡು ಹೋಗಿ.”

“ಯಾಕೆ?”

“ನೀರು ಹನ್ನೊಂದು ಪರ್ಸೆಂಟ್ ತೋರಿಸ್ತದೆ.”

ಚನಿಯಪ್ಪ ಇದನ್ನು ಬಹಳ ಮೆಲ್ಲಗೆ ಹೇಳಿದ. ಆದರೆ ಹಾಲಿನ ಸೊಸೈಟಿಯಲ್ಲಿ ಮೆಲ್ಲಗೆ ಹೇಳಿದ ಮಾತೇ ಹೆಚ್ಚು ದೂರ ಹೋಗುವುದು. ಸಾಲಿನಲ್ಲಿದ್ದ ಕ್ಯಾನುಗಳೆಲ್ಲ ಒಮ್ಮೆಲೇ ನೆಲಕ್ಕಿಳಿದವು. ಮುಂಡಪ್ಪನ ನೆರೆಮನೆಯ ಹುಕ್ರಪ್ಪ, ದೀಪಾವಳಿಗೆ ಹೊಸ ಅಂಗಿ ಸಿಕ್ಕಿದವನ ಮುಖ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದ.

“ಹನ್ನೊಂದಾ? ಹೋದ ವರ್ಷ ನನಗೆ ಮೂರು ಬಂದದ್ದಕ್ಕೆ ಮುಂಡಪ್ಪಣ್ಣ ಮಹಾಸಭೆಯಲ್ಲಿ ಎದ್ದು ನಿಂತು ಅರ್ಧ ಗಂಟೆ ಭಾಷಣ ಮಾಡಿದ್ರು. ಹನ್ನೊಂದಕ್ಕೆ ಎಷ್ಟು ಹೊತ್ತು ಆಗ್ತದೆ ಚನಿಯಪ್ಪ? ನಾವು ತಿಂಡಿ ತಿಂದು ಬರುವ.”

ಭಾಷಣ ಮಾಡಿದ್ದು ನಿಜ. ಅದರಲ್ಲಿ ‘ಹಾಲಿಗೆ ನೀರು ಹಾಕುವವನು ಹೆತ್ತ ತಾಯಿಗೆ ಸುಳ್ಳು ಹೇಳುವವನು’ ಎಂಬ ವಾಕ್ಯ ಮೂರು ಸಲ ಬಂದಿತ್ತು. ಮುಂಡಪ್ಪನಿಗೆ ಅರುವತ್ತೊಂದು ವರ್ಷ. ಅವನ ಹಾಲಿನ ಬಗ್ಗೆ ಈ ತನಕ ಯಾರೂ ಚಕಾರ ಎತ್ತಿದ್ದಿಲ್ಲ. ಹೋದ ಭಾನುವಾರವಷ್ಟೇ ಅವನು ತನ್ನ ದನ ಬೊಳ್ಳಿಯನ್ನು ಮೀಯಿಸಿ, ಹಣೆಗೆ ಬೊಟ್ಟಿಟ್ಟು, ‘ದಿನಕ್ಕೆ ಹದಿನೇಳು ಲೀಟರ್, ಶುದ್ಧ’ ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದ. ಎಂಬತ್ತನಾಲ್ಕು ಮಂದಿ ಹೆಬ್ಬೆರಳು ಎತ್ತಿದ್ದರು. ಆ ಎಂಬತ್ತನಾಲ್ಕನ್ನು ಅವನು ಹೆಂಡತಿ ಪ್ರೇಮಾವತಿಗೆ ಬಾಯಿಪಾಠ ಒಪ್ಪಿಸುವ ಹಾಗೆ ಹೆಸರು ಹಿಡಿದು ಓದಿ ಹೇಳಿದ್ದ.

“ಮೊನ್ನೆಯ ಮಳೆಗೆ ಹುಲ್ಲು ಚಪ್ಪೆ ಆಗಿ ಹಾಲು ತೆಳ್ಳಗಾಗಿರ್ಬಹುದು,” ಎಂದು ಚನಿಯಪ್ಪ ಒಂದು ದಾರಿ ತೋರಿಸಿದ. “ಒಮ್ಮೊಮ್ಮೆ ಕ್ಯಾನು ತೊಳೆದ ನೀರು ಅಡಿಯಲ್ಲಿ ಉಳಿದ್ರೂ ಆಗ್ತದೆ. ದೊಡ್ಡ ವಿಷಯ ಅಲ್ಲ.”

ಒಪ್ಪಿಕೊಂಡು ಮನೆಗೆ ಹೋಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾರಾದರೂ ತೆರೆದಿಟ್ಟ ಬಾಗಿಲಿನಿಂದ ಹೊರಗೆ ಹೋಗುವುದು ಮುಂಡಪ್ಪನ ಜಾಯಮಾನವಲ್ಲ.

“ನನಗೆ ನೆವ ಬೇಡ ಚನಿಯಪ್ಪ. ಹುಲ್ಲು ಸರಿ ಉಂಟು, ಕ್ಯಾನು ಸರಿ ಉಂಟು, ದನ ಸರಿ ಉಂಟು. ಸರಿ ಇಲ್ಲದ್ದು ನಿನ್ನ ಯಂತ್ರ. ಕರೆಂಟು ತಿಂದು ಬದುಕುವ ವಸ್ತುವಿಗೆ ಹುಲ್ಲು ತಿನ್ನುವ ದನದ ವಿಷಯ ಎಂಥ ಗೊತ್ತು?”

“ಉಳಿದ ನಲುವತ್ತು ಜನರ ಹಾಲಿಗೆ ಸರಿ ತೋರಿಸ್ತದಲ್ಲ ಮಾರಾಯ್ರೆ.”

“ಹಾಗಾದ್ರೆ ಕೇಳು. ಎಲ್ಲರೂ ಕೇಳಿ.” ಮುಂಡಪ್ಪ ಕ್ಯಾನಿನ ಮುಚ್ಚಳವನ್ನು ಮೇಜಿಗೆ ಬಡಿದ. “ನನ್ನ ಹಾಲಿಗೆ ನೀರು ಬಿದ್ದದ್ದು ಸಾಬೀತಾದ್ರೆ, ಈ ಸೊಸೈಟಿಯ ಅಂಗಳವನ್ನು ಒಂದು ತಿಂಗಳು ನಾನೇ ಗುಡಿಸ್ತೇನೆ. ದಿನಾ ಬೆಳಿಗ್ಗೆ, ನೀವೆಲ್ಲ ಬರುವ ಹೊತ್ತಿಗೆ, ನಿಮ್ಮ ಕಣ್ಣೆದುರು. ಬೀಳಲಿಲ್ಲ ಅಂತ ಆದ್ರೆ, ಚನಿಯಪ್ಪ ಆ ಬೋರ್ಡಿನಲ್ಲಿ ಬರೀಬೇಕು: ಮುಂಡಪ್ಪನ ಹಾಲು ಶುದ್ಧ, ಯಂತ್ರ ಹಾಳು.”

“ಸಾಬೀತು ಮಾಡುದು ಯಾವುದರಲ್ಲಿ?” ಎಂದ ಚನಿಯಪ್ಪ. “ಯಂತ್ರ ಆಗುದಿಲ್ಲ ಅಂತೀರಿ.”

ಆ ಕ್ಷಣದಲ್ಲಿಯೇ ಮುಂಡಪ್ಪನಿಗೆ ಕಾಂತು ಮಾವನ ಹಿತ್ತಾಳೆ ನೆನಪಾದದ್ದು.

ಕಾಂತು ಮಾವ ಅವನ ತಾಯಿಯ ಸೋದರಮಾವ. ಹಿಂದೆ ಮದರಾಸು ಸರಕಾರದ ಕಾಲದಲ್ಲಿ ಏನೋ ಒಂದು ಸರಕಾರಿ ಉದ್ಯೋಗದಲ್ಲಿದ್ದವರು; ಏನು ಎಂದು ಅವರೂ ಹೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಪಾಲಿನ ಸಮಯದಲ್ಲಿ ಉಳಿದ ಅಳಿಯಂದಿರಿಗೆ ಗದ್ದೆ, ಬಾವಿ, ಗೇರುಗುಡ್ಡೆಗಳು ಹೋದವು. ಮುಂಡಪ್ಪನಿಗೆ ಬಂದದ್ದು ಒಂದು ಮರದ ಪೆಟ್ಟಿಗೆ. ಒಳಗೆ ಮಾಸಿದ ನೀಲಿ ಮಖಮಲ್ಲು. ಅದರ ಗುಳಿಯಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಹಿತ್ತಾಳೆಯ ಚೆಂಡು. ಚೆಂಡಿನ ತಲೆಯಿಂದ ಗೆರೆ ಕೊರೆದ ಒಂದು ಚಪ್ಪಟೆ ಕಡ್ಡಿ, ಬುಡದಿಂದ ಒಂದು ಗಿಡ್ಡ ಬಾಲ. ಪಕ್ಕದಲ್ಲಿ, ಬಾಲಕ್ಕೆ ಸಿಕ್ಕಿಸಲಿಕ್ಕಾಗುವಂತೆ ಒಂದು ಬದಿ ಸೀಳಿದ ಹತ್ತು ಬಿಲ್ಲೆಗಳು. ಅವುಗಳ ಮೇಲೆ ಹತ್ತು, ಇಪ್ಪತ್ತು, ಮೂವತ್ತು ಎಂದು ನೂರರ ತನಕ ಅಂಕೆಗಳು.

ಅದು ಏನೆಂದು ಮೂವತ್ತು ವರ್ಷಗಳಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಪ್ರೇಮಾವತಿಯ ತವರಿನವರು ತೂಗುದೀಪದ ತುಂಡು ಎಂದಿದ್ದರು. ಮುಂಬೈಯಲ್ಲಿದ್ದ ಷಡ್ಡಕ ಹಡಗಿನದ್ದು ಎಂದಿದ್ದ. ಅವನಿಗೆ ಗೊತ್ತಿಲ್ಲದ ವಸ್ತುಗಳೆಲ್ಲವೂ ಹಡಗಿನವೇ. ಮಗಳು ಸಾತ್ವಿಕಾ ಚಿಕ್ಕವಳಿದ್ದಾಗ ಬಿಲ್ಲೆಗಳನ್ನಿಟ್ಟುಕೊಂಡು ಅಂಗಡಿಯಾಟ ಆಡಿದ್ದಳು. ಆದರೆ ಕಾಂತು ಮಾವ ಸಾಯುವ ವರ್ಷ, ಪೆಟ್ಟಿಗೆಯ ಮೇಲೆ ಕೈಯಿಟ್ಟು ಮುಂಡಪ್ಪನಿಗೆ ಒಂದು ಮಾತು ಹೇಳಿದ್ದರು: “ನೀರು ಬೆರೆಸಿದವನು ದೇವರ ಕಣ್ಣು ತಪ್ಪಿಸಬಹುದು ಮಗಾ, ಇದರ ಕಣ್ಣು ತಪ್ಪಿಸ್ಲಿಕ್ಕೆ ಆಗುದಿಲ್ಲ.”

ಪಾಂಡೆದಗುಡ್ಡೆಯಲ್ಲಿ ಹಾಲನ್ನು ಬಿಟ್ಟು ಬೇರೆ ಯಾವುದಕ್ಕೆ ಯಾರು ನೀರು ಬೆರೆಸುತ್ತಾರೆ?

ಮುಂಡಪ್ಪ ಮನೆಗೆ ಓಡಿದ. ಅವನು ಟಿವಿಯ ಹಿಂದಿನಿಂದ ಪೆಟ್ಟಿಗೆ ಎಳೆಯುವುದನ್ನು ಪ್ರೇಮಾವತಿ ಸೌಟು ಹಿಡಿದುಕೊಂಡೇ ನೋಡಿದಳು.

“ಎಂಥ ಆಯ್ತು?”

“ನನ್ನ ಹಾಲಿನಲ್ಲಿ ನೀರುಂಟಂತೆ! ಹನ್ನೊಂದು ಪರ್ಸೆಂಟ್!”

ಪ್ರೇಮಾವತಿಯ ಕೈಯ ಸೌಟು ನಿಂತಿತು. “ಇಕ್ಕೊಳ್ಳಿ, ಒಂದು ಮಾತು ಕೇಳಿ...”

“ಮಾತಾಡ್ಲಿಕ್ಕೆ ಈಗ ಪುರ್ಸೊತ್ತಿಲ್ಲ. ಮರ್ಯಾದೆಯ ಪ್ರಶ್ನೆ.”

“ಮರ್ಯಾದೆಯದ್ದೇ ಹೇಳುದು...”

ಅಷ್ಟರಲ್ಲಿ ಅವನು ಗೇಟು ದಾಟಿದ್ದ.

ಸೊಸೈಟಿಯಲ್ಲಿ ಒಬ್ಬನೂ ಮನೆಗೆ ಹೋಗಿರಲಿಲ್ಲ. ಮುಂಡಪ್ಪ ತನ್ನ ಕ್ಯಾನಿನ ಬಾಯಿ ತೆರೆದು, ಚೆಂಡಿನ ಬಾಲಕ್ಕೆ ಹತ್ತರ ಬಿಲ್ಲೆ ಸಿಕ್ಕಿಸಿ, ಮಗುವನ್ನು ಬಚ್ಚಲಿಗಿಳಿಸುವಂತೆ ಹಾಲಿಗಿಳಿಸಿದ. ಚೆಂಡು ಕುಡಿದವನ ಹಾಗೆ ಮಗ್ಗುಲಿಗೆ ಬಿದ್ದು ತೇಲಿತು. ಇಪ್ಪತ್ತು ಹಾಕಿದರೂ ಹಾಗೆಯೇ. ಐವತ್ತು, ಎಪ್ಪತ್ತು, ತೊಂಬತ್ತು, ಊಹೂಂ. ಕೊನೆಗೆ ನೂರರ ಬಿಲ್ಲೆ ಹಾಕಿದಾಗ ಚೆಂಡು ಎರಡು ಸಲ ತಲೆಯಾಡಿಸಿ, ಶಾಲೆಯ ಪ್ರಾರ್ಥನೆಗೆ ನಿಂತಂತೆ ನೆಟ್ಟಗೆ ನಿಂತಿತು.

“ನೂರು!” ಎಂದ ಮುಂಡಪ್ಪ. “ನೋಡಿ! ನೂರಕ್ಕೆ ನೂರು!”

ಜನ ಬಗ್ಗಿ ನೋಡಿದರು. ಯಾರೋ ವಿಡಿಯೋ ತೆಗೆದರು. ಹುಕ್ರಪ್ಪ ಗಂಟಲು ಸರಿಪಡಿಸಿಕೊಂಡು ತನ್ನ ಕ್ಯಾನನ್ನು ಮುಂದೆ ತಳ್ಳಿದ. “ನನ್ನದರಲ್ಲಿಯೂ ಒಮ್ಮೆ ಬಿಡಿ ನೋಡುವ.” ಅವನದ್ದೂ ನೂರು. ಹುಕ್ರಪ್ಪನ ಎದೆ ಎರಡಿಂಚು ಅಗಲವಾಯಿತು. ಹಿಂದಿನವನದ್ದೂ ನೂರು. ಅವನ ಹಿಂದಿನವನದ್ದೂ ನೂರು. ಹತ್ತೇ ನಿಮಿಷದಲ್ಲಿ ಸೊಸೈಟಿಯ ನಲುವತ್ತೊಂದು ಮಂದಿಯೂ ನೂರಕ್ಕೆ ನೂರಾಗಿ, ಅಷ್ಟೂ ಮಂದಿ ತಮ್ಮನ್ನು ಇಷ್ಟು ವರ್ಷ ಮೂರು, ಐದು, ಎರಡೂವರೆ ಎಂದು ಅವಮಾನಿಸಿದ ಯಂತ್ರದ ಕಡೆಗೆ ತಿರುಗಿದರು.

“ಈ ಡಬ್ಬವನ್ನು ತೆಗೆದು ಹೊರಗೆ ಹಾಕಿ ಚನಿಯಪ್ಪ! ಹಳೆ ಕಾಲದ ವಸ್ತು ಅಂದ್ರೆ ವಸ್ತು!”

ಚನಿಯಪ್ಪ ಕುಳಿತಲ್ಲಿಂದ ಏಳಲಿಲ್ಲ. “ಆಗ್ಲಿ. ಆದ್ರೆ ಇದು ಎಂಥ ವಸ್ತು? ಹೆಸರೇನು? ಹಾಲಿಗೇ ಮಾಡಿದ್ದಾ? ನಾಳೆ ಯಾರಾದ್ರೂ ಕೊಡೆಯ ಕಡ್ಡಿ ತಂದು ಇದೂ ಅಳತೆಯೇ ಅಂದ್ರೆ ನಾನು ಎಂಥ ಮಾಡ್ಬೇಕು? ತಿಳಿದವರಿಂದ ಬರೆಸಿಕೊಂಡು ಬನ್ನಿ ಮುಂಡಪ್ಪಣ್ಣ. ಸಂಜೆಯ ಹಾಲಿನ ಹೊತ್ತಿಗೆ. ಅಲ್ಲಿಯ ತನಕ ಯಂತ್ರ ಇಲ್ಲಿಯೇ ಇರ್ತದೆ.”

“ಸಂಜೆ ತನಕ ಯಾಕೆ? ಮಧ್ಯಾಹ್ನಕ್ಕೇ ತರ್ತೇನೆ!” ಎಂದು ಮುಂಡಪ್ಪ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿದ. ತಿಂಡಿ ತಿಂದಿರಲಿಲ್ಲ. ಕಾಲಿನಲ್ಲಿ ದನದ ಹಟ್ಟಿಯ ಚಪ್ಪಲಿಯೇ ಇತ್ತು.

ಮಡಂತ್ಯಾರಿನಲ್ಲಿ ಹಳೆಯ ಹಿತ್ತಾಳೆ ಎಂದರೆ ಹಸನಬ್ಬ. ಅವರ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಂಡೆ, ಕಾಲ್ದೀಪ, ನಿಂತ ಗಡಿಯಾರ, ಯಾರದೋ ಮದುವೆಯ ತೊಟ್ಟಿಲು. ಇದರ ನಡುವೆ ಹಸನಬ್ಬ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಒಂದು ಕುರ್ಚಿಗೆ ಪಾಲಿಶ್ ಹಾಕುತ್ತಿದ್ದರು. ಪೆಟ್ಟಿಗೆ ತೆರೆದದ್ದೇ ಕೈ ಒರೆಸಿಕೊಂಡು ಚೆಂಡನ್ನು ಬೆಳಕಿಗೆ ಹಿಡಿದರು. ಆ ಬದಿಗೆ, ಈ ಬದಿಗೆ, ತಲೆಕೆಳಗೆ.

“ಹೊರಗಿನ ಕೆಲಸ. ಒಳ್ಳೇ ಕೆಲಸ. ಎಂಥದು ಅಂತ ಮಾತ್ರ ಗೊತ್ತಿಲ್ಲ ಮುಂಡಪ್ಪಣ್ಣ.”

“ನಿಮಗೆ ಗೊತ್ತಿಲ್ವಾ? ಇಷ್ಟು ಹಳೇ ಸಾಮಾನಿನೊಳಗೆ ಕೂತು?”

“ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳುವವರೆಲ್ಲ ಬೆಂಗಳೂರಿನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದಾರೆ. ನಾನು ಮಡಂತ್ಯಾರಿನಲ್ಲಿಯೇ ಇದ್ದೇನೆ.”

“ಗೊತ್ತಾಗುದೆಂಥ? ಇದು ಹಾಲು ಅಳೆಯುವ ಮೀಟರ್. ಸುಳ್ಳು ಹೇಳುದಿಲ್ಲ. ಬೇಕಾದ್ರೆ ಈಗಲೇ ತೋರಿಸ್ತೇನೆ,” ಎಂದು ಮುಂಡಪ್ಪ, ಹಾಲಿಲ್ಲದ್ದರಿಂದ, ಮೇಜಿನ ಮೇಲಿದ್ದ ಹೂಜಿಯ ನೀರಿಗೇ ಚೆಂಡು ಇಳಿಸಿದ. ನೂರರ ಬಿಲ್ಲೆಗೆ ನೆಟ್ಟಗೆ ನಿಂತಿತು.

“ನೀರಿಗೂ ನೂರು ತೋರಿಸ್ತದಲ್ಲ?” ಎಂದರು ಹಸನಬ್ಬ.

ಮುಂಡಪ್ಪ ಒಂದು ಗಳಿಗೆ ಹೂಜಿಯೊಳಗೆ ಇಣುಕಿದ. ಒಂದೇ ಗಳಿಗೆ. “ಶುದ್ಧ ನೀರಲ್ವಾ? ಶುದ್ಧ ಯಾವುದೇ ಇರ್ಲಿ, ನೂರು ತೋರಿಸ್ತದೆ. ನಿಮ್ಮ ಬಾವಿ ಒಳ್ಳೆಯದು.”

ಹಸನಬ್ಬ ಗಡ್ಡ ತುರಿಸಿಕೊಂಡು ಪಾಲಿಶಿಗೆಂದು ಇಟ್ಟಿದ್ದ ಸ್ಪಿರಿಟ್ಟಿನ ಉದ್ದ ಜಾಡಿಯನ್ನು ಮುಂದೆ ಸರಿಸಿದರು. “ಇದರಲ್ಲಿ ಬಿಡಿ ನೋಡುವ.”

ಚೆಂಡು ಬಾವಿಗೆ ಬಿದ್ದ ಕೊಡಪಾನದ ಹಾಗೆ ಟಣ್ಣನೆ ತಳ ಸೇರಿತು.

“ನೋಡಿದ್ರಾ?” ಎಂದು ಮುಂಡಪ್ಪ ತೊಡೆ ತಟ್ಟಿದ. “ಹಸನಬ್ಬ, ನಿಮಗೆ ಸ್ಪಿರಿಟ್ ಕೊಡುವವನು ಕಲಬೆರಕೆ ಮಾಡ್ತಾನೆ. ಇನ್ನು ಅವನ ಹತ್ತಿರ ತೆಕ್ಕೊಳ್ಬೇಡಿ.”

ಹಸನಬ್ಬ ಜಾಡಿಯನ್ನೂ ಮುಂಡಪ್ಪನನ್ನೂ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಏನೋ ಹೊಳೆದಂತಿತ್ತು. ಆದರೆ ನಲುವತ್ತು ವರ್ಷ ಗಿರಾಕಿಗಳ ಜೊತೆ ಬದುಕಿದವರು. ಯಾವ ಮಾತನ್ನು ತಾನು ಹೇಳಬೇಕು, ಯಾವುದನ್ನು ಇನ್ನೊಬ್ಬರಿಂದ ಹೇಳಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

“ನನ್ನ ಮಗಳು ಫಾಹಿಮಾ ಮೂಡುಬಿದಿರೆಯಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಅವಳ ಹತ್ತಿರ ಹೋಗಿ. ನಾನು ಫೋನ್ ಮಾಡಿ ಹೇಳ್ತೇನೆ. ಅವಳು ಬರೆದು ಕೊಟ್ಟರೆ ಯಾರೂ ಅಲ್ಲ ಅನ್ನುವ ಹಾಗಿಲ್ಲ.”

“ಅದು ಮಾತು!” ಎಂದ ಮುಂಡಪ್ಪ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರು ದಾಟುವಷ್ಟರಲ್ಲಿ ಪೆಟ್ಟಿಗೆ ಅರ್ಧ ಬಸ್ಸಿನ ಕೈ ಸುತ್ತಿ ಬಂದಿತ್ತು. ಮುಂದಿನ ಸೀಟಿನ ಮುದುಕಿ, ಇದು ಮಗುವಿನ ಗಿಲಕಿ, ಒಳಗಿನ ಕಾಳು ಬಿದ್ದುಹೋಗಿದೆ ಎಂದಳು. ಕಂಡಕ್ಟರ್, ಇದು ಲಾರಿಯ ಡೀಸೆಲ್ ಟ್ಯಾಂಕಿನೊಳಗಿನ ಚೆಂಡು, ತನ್ನ ಭಾವನ ಲಾರಿಯಲ್ಲಿ ಇಂಥದ್ದೇ ಇದೆ ಎಂದ. ‘ನೂರು ವರ್ಷದ ಹಿಂದೆ ನಿನ್ನ ಭಾವನಿಗೆ ಲಾರಿ ಇತ್ತಾ?’ ಎಂದು ಮುಂಡಪ್ಪ ಅವನ ಬಾಯಿ ಮುಚ್ಚಿಸಿದ. ಆಗ ಫೋನು ಹೊಡೆದುಕೊಂಡಿತು. ಪ್ರೇಮಾವತಿ.

“ಎಲ್ಲಿದ್ದೀರಿ? ಊಟಕ್ಕೆ ಬರುದಿಲ್ವಾ? ಇಕ್ಕೊಳ್ಳಿ, ಆ ಹಾಲಿನ ವಿಷಯ...”

“ಹಾಲಿನ ವಿಷಯವೇ ಆಗ್ತಾ ಉಂಟು. ದೊಡ್ಡ ಮಟ್ಟದಲ್ಲಿ ಆಗ್ತಾ ಉಂಟು. ನೀನು ಮಂಡೆಬಿಸಿ ಮಾಡ್ಬೇಡ.”

“ಅದಲ್ಲ, ನಾನು ಬೆಳಿಗ್ಗೆ...”

“ಕೇಳುದಿಲ್ಲ ಪ್ರೇಮಾ, ಇಲ್ಲಿ ರೇಂಜ್ ಇಲ್ಲ!” ಎಂದು, ರೇಂಜ್ ಬಹಳ ಚೆನ್ನಾಗಿದ್ದ ಜಾಗದಲ್ಲಿ ಅವನು ಫೋನಿಟ್ಟ.

ಮೂಡುಬಿದಿರೆಯ ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದೆ ಹಿಡಿದ. ಹೆಸರು, ಊರು, ಯಾರನ್ನು ಕಾಣಬೇಕು, ತಂದಿರುವ ವಸ್ತು. ಕೊನೆಯ ಅಂಕಣದಲ್ಲಿ ಮುಂಡಪ್ಪ ಸ್ವಲ್ಪ ಯೋಚಿಸಿ ‘ಹಿರಿಯರ ಆಸ್ತಿ’ ಎಂದು ಬರೆದ. ಕಾವಲುಗಾರ ಅವನ ಚಪ್ಪಲಿಗೆ ಅಂಟಿದ್ದ ಸೆಗಣಿಯನ್ನು ನೋಡಿ, ಇಂಥ ಆಸ್ತಿವಂತರು ಹೀಗೆಯೇ ಇರುತ್ತಾರೆ ಎಂದುಕೊಂಡನೋ ಏನೋ, ಸಲಾಮು ಹೊಡೆದು ಒಳಗೆ ಬಿಟ್ಟ.

ಪ್ರಯೋಗಾಲಯದ ಹೊರಗೆ ಫಾಹಿಮಾ ಕಾಯುತ್ತಿದ್ದಳು. ಅವಳ ಸುತ್ತ ಬಿಳಿ ಕೋಟಿನ ಹುಡುಗಿಯರು. ಪೆಟ್ಟಿಗೆ ತೆರೆದದ್ದೇ ಅವರಲ್ಲೊಬ್ಬಳು, “ಅಂಕಲ್, ಸಖತ್ತಾಗಿದೆ! ಏನ್ ಅಂಕಲ್ ಇದು?” ಎಂದಳು.

“ಅದನ್ನೇ ಕೇಳ್ಲಿಕ್ಕೆ ಬಂದದ್ದು,” ಎಂದು ಹೇಳಬೇಕಾಗಿದ್ದ ಮುಂಡಪ್ಪ, “ನಿಮ್ಮ ಮೇಡಮ್ಮಿಗೆ ಗೊತ್ತುಂಟಾ ಅಂತ ನೋಡ್ಲಿಕ್ಕೆ ಬಂದದ್ದು,” ಎಂದ.

ಮೇಡಮ್ಮಿಗೆ ಗೊತ್ತಿತ್ತು. ಚೆಂಡನ್ನು ಅಂಗೈಯಲ್ಲಿಟ್ಟುಕೊಂಡ ಫಾಹಿಮಾಳ ಕಣ್ಣು, ಪಾಠದ ಪುಸ್ತಕದಲ್ಲಿ ಮಾತ್ರ ಕಂಡ ಹಕ್ಕಿ ಕಿಟಕಿಯಲ್ಲಿ ಬಂದು ಕೂತವರ ಹಾಗೆ ಅಗಲವಾಯಿತು.

“ಇದು ಹೈಡ್ರೋಮೀಟರ್ ಅಂಕಲ್. ದ್ರವಗಳ ಸಾಂದ್ರತೆ ಅಳೆಯುವುದು. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದು. ಇಷ್ಟು ಒಳ್ಳೆಯ ಸ್ಥಿತಿಯಲ್ಲಿ ಉಂಟಲ್ಲ, ಬಿಲ್ಲೆಗಳೆಲ್ಲ ಉಂಟು!”

“ನೀರು ಬೆರೆಸಿದ್ರೆ ಹಿಡೀತದಾ?”

“ಅದಕ್ಕೇ ಮಾಡಿದ್ದು. ಬಹಳ ನಿಖರ.”

ಮುಂಡಪ್ಪ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡ. ಮೂವತ್ತು ವರ್ಷಗಳ ಹಿಂದೆ ಗದ್ದೆ ಹೋಯಿತು, ಬಾವಿ ಹೋಯಿತು, ಗೇರುಗುಡ್ಡೆ ಹೋಯಿತು. ಆದರೆ ಸತ್ಯ ಮಾತ್ರ ತನ್ನ ಪಾಲಿಗೆ ಬಂದಿತ್ತು.

“ಅಷ್ಟು ಬರೆದು ಕೊಡಿ ಮೇಡಂ. ಕನ್ನಡದಲ್ಲಿ. ಸೀಲು ಹಾಕಿ.”

“ಬರೆದು ಕೊಡ್ತೇನೆ. ಆದ್ರೆ ಅಂಕಲ್, ಇದರ ಬಗ್ಗೆ ಒಂದು ವಿಷಯ ನೀವು...”

“ಆದರೆ ಗೀದರೆ ಎಲ್ಲ ಅದರಲ್ಲಿಯೇ ಬರೀರಿ ಮೇಡಂ. ನಮ್ಮ ಚನಿಯಪ್ಪನಿಗೆ ಓದ್ಲಿಕ್ಕೆ ಬರ್ತದೆ. ನನಗೆ ಸಿದ್ಧಕಟ್ಟೆ ದಾರಿಯ ಬಸ್ಸುಂಟು.”

ಫಾಹಿಮಾ ಇನ್ನೊಮ್ಮೆ ಬಾಯಿ ತೆರೆದಳು. ಮುಂಡಪ್ಪ ಆಗಲೇ ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳು ನಿಟ್ಟುಸಿರಿಟ್ಟು, ಒಳಗೆ ಹೋಗಿ, ಒಂದು ಪುಟದ ತುಂಬ ಬರೆದು, ಅಂಟಿಸಿದ ಲಕೋಟೆಯಲ್ಲಿ ತಂದು ಕೊಟ್ಟಳು. “ದಯಮಾಡಿ ನೀವು ಮೊದಲು ಓದಿ ಅಂಕಲ್.”

ಅವನು ಓದಲಿಲ್ಲ. ಕನ್ನಡಕ ತಂದಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಒಡೆಯದ ಲಕೋಟೆಗೆ ಕೋರ್ಟಿನಲ್ಲಿ ಇರುವ ಬೆಲೆ ಒಡೆದದ್ದಕ್ಕೆ ಇಲ್ಲವೆಂದು ಅವನು ಬಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ಗೋಳಿಬಜೆ ತಿನ್ನುತ್ತ ಸೊಸೈಟಿಯ ಗುಂಪಿಗೆ ಒಂದು ಧ್ವನಿ ಸಂದೇಶ ಕಳುಹಿಸಿದ: “ವಿಜ್ಞಾನಿಗಳಿಂದ ಬರೆಸಿಕೊಂಡು ಬರ್ತಾ ಇದ್ದೇನೆ. ಮಾನ ಮರ್ಯಾದೆ ಇದ್ದವರು ಐದು ಗಂಟೆಗೆ ಬನ್ನಿ.”

ಮರ್ಯಾದೆ ಇದ್ದವರ ಸಂಖ್ಯೆ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಮಹಾಸಭೆಗೆ ಕೋರಂ ಆಗದ ಸೊಸೈಟಿಯ ಅಂಗಳದಲ್ಲಿ ಐದು ಗಂಟೆಗೆ ಬೈಕು ನಿಲ್ಲಿಸಲು ಜಾಗವಿರಲಿಲ್ಲ. ಮುಂಡಪ್ಪ ವಾಮದಪದವಿನಿಂದ ರಿಕ್ಷಾ ಮಾಡಿಕೊಂಡು ಬಂದು, ಲಕೋಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಚನಿಯಪ್ಪನ ಮೇಜಿನ ಮೇಲೆ ಇಟ್ಟ.

“ಒಡೆದಿಲ್ಲ. ನೋಡಿಕೊ. ಗಟ್ಟಿಯಾಗಿ ಓದು. ಹಿಂದಿನವರಿಗೂ ಕೇಳ್ಬೇಕು.”

ಚನಿಯಪ್ಪ ಲಕೋಟೆಯ ಅಂಚನ್ನು ನೀಟಾಗಿ ಹರಿದು ಓದತೊಡಗಿದ.

“‘ಶ್ರೀ ಮುಂಡಪ್ಪ ಅವರು ತಂದಿರುವ ಸಾಧನವನ್ನು ಪರೀಕ್ಷಿಸಿದ್ದೇನೆ. ಇದು ಅಸಲಿ, ಅಪರೂಪದ ಮತ್ತು ಅತ್ಯಂತ ನಿಖರವಾದ ಅಳತೆಯ ಸಾಧನ.’”

“ಆಹಾ!” ಎಂದ ಹುಕ್ರಪ್ಪ. ಚಪ್ಪಾಳೆಯಾಯಿತು. ಮುಂಡಪ್ಪ ಎರಡೂ ಕೈ ಎತ್ತಿ ಚಪ್ಪಾಳೆ ನಿಲ್ಲಿಸಿದ. “ಮುಂದೆ ಓದು.”

“‘ದ್ರವಕ್ಕೆ ನೀರು ಬೆರೆಸಿದ್ದರೆ ಎಷ್ಟು ಬೆರೆಸಿದ್ದಾರೆಂದು ಇದು ತಿಳಿಸುತ್ತದೆ.’”

“ಕೇಳಿಸಿತಾ ಎಲ್ಲರಿಗೂ?”

“‘ಆದರೆ,’” ಎಂದು ಓದಿ ಚನಿಯಪ್ಪ ನಿಂತ. ಮುಂದಿನದನ್ನು ಮನಸ್ಸಿನೊಳಗೇ ಓದಿಕೊಂಡ. ಅವನ ಮೀಸೆಯ ಒಂದು ತುದಿ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೆ ಬಂತು. “‘ಆದರೆ ಇದು ಹಾಲಿಗಾಗಿ ಮಾಡಿದ್ದಲ್ಲ. ಹಿಂದಿನ ಕಾಲದಲ್ಲಿ ಅಬಕಾರಿ ಇಲಾಖೆಯವರು ಸಾರಾಯಿಯ ಖಡಕ್ಕು ಅಳೆಯಲು ಇದನ್ನು ಬಳಸುತ್ತಿದ್ದರು. ಅಂಕೆ ಕಡಿಮೆ ಬಂದಷ್ಟೂ ಸಾರಾಯಿ ಗಟ್ಟಿ, ಹೆಚ್ಚಾದಷ್ಟೂ ನೀರು ಜಾಸ್ತಿ ಎಂದು ಅರ್ಥ. ನೂರು ಬಂದರೆ ಅದರಲ್ಲಿ ಸಾರಾಯಿ ಸ್ವಲ್ಪವೂ ಇಲ್ಲ, ಇರುವುದು ಬರೀ ನೀರು.’”

ಹಿಂದೆ ಎಲ್ಲೋ ಒಂದು ಕ್ಯಾನಿನ ಮುಚ್ಚಳ ಜಾರಿ ಬಿದ್ದು, ಉರುಳಿ, ಬಹಳ ಹೊತ್ತು ಗಿರಗಿರ ತಿರುಗಿ ನಿಂತಿತು.

“ಹಾಗಾದ್ರೆ ನಿಮ್ಮ ಕಾಂತು ಮಾವ,” ಎಂದ ಹುಕ್ರಪ್ಪ ಮೆಲ್ಲಗೆ, “ಸಾರಾಯಿ ಇನ್ಸ್‌ಪೆಕ್ಟರಾ?”

“ಅದು ಬಿಡಿ,” ಎಂದ ಚನಿಯಪ್ಪ. “ನೂರು ಅಂದ್ರೆ ಬರೀ ನೀರಂತೆ. ಬೆಳಿಗ್ಗೆ ಮುಂಡಪ್ಪಣ್ಣನದ್ದು ಎಷ್ಟು ಬಂತು? ವಿಡಿಯೋ ಯಾರ ಹತ್ತಿರ ಉಂಟು?”

ಇಂಥ ಹೊತ್ತಿನಲ್ಲಿ ಇನ್ನೊಬ್ಬನಾಗಿದ್ದರೆ ನೆಲ ನೋಡುತ್ತಿದ್ದ. ಮುಂಡಪ್ಪ ಕುರ್ಚಿಯ ಮೇಲೆ ಹತ್ತಿದ.

“ನನ್ನದು ಮಾತ್ರ ಅಲ್ಲ! ಹುಕ್ರಪ್ಪಾ, ನಿನ್ನದೆಷ್ಟು?”

ಹುಕ್ರಪ್ಪನ ನಗು ಅರ್ಧದಲ್ಲಿ ನಿಂತಿತು. “ನೂರು.”

“ನಿನ್ನ ಹಿಂದಿನವನದ್ದು? ಅವನ ಹಿಂದಿನವನದ್ದು? ನಲುವತ್ತೊಂದು ಜನರದ್ದೂ ನೂರು. ಈ ಕಾಗದ ಹಾಲಿಗೆ ಹೊಂದ್ತದೆ ಅಂತಾದ್ರೆ, ಪಾಂಡೆದಗುಡ್ಡೆಯಿಂದ ಇಷ್ಟು ವರ್ಷ ಲಾರಿಯಲ್ಲಿ ಹೋದದ್ದು ಬರೀ ನೀರು. ಎಲ್ಲರೂ ಒಪ್ತೀರಾ?”

“ಎಲ್ಲಿಯಾದ್ರೂ ಉಂಟಾ!” ಎಂದು ನಲುವತ್ತು ಬಾಯಿಗಳು ಒಟ್ಟಿಗೆ ಕೂಗಿದವು.

“ಹೊಂದುದಿಲ್ಲ ಅಂತಾದ್ರೆ, ನನ್ನ ಹಾಲಿಗೆ ನೀರು ಬಿದ್ದದ್ದಕ್ಕೆ ಸಾಕ್ಷಿ ಎಲ್ಲುಂಟು? ಈ ಡಬ್ಬದ ಚೀಟಿ ಒಂದು ಬಿಟ್ಟು?”

“ಹೌದು! ಎಲ್ಲುಂಟು?” ತಮ್ಮ ತಮ್ಮ ನೂರನ್ನು ನೆನೆಸಿಕೊಂಡು ಜನ ಈಗ ಮುಂಡಪ್ಪನಿಗಿಂತ ಜೋರಾಗಿ ಮುಂಡಪ್ಪನ ಪರವಾಗಿದ್ದರು. ಹುಕ್ರಪ್ಪ ಎಲ್ಲರಿಗಿಂತ ಮುಂದಿದ್ದ.

ಚನಿಯಪ್ಪ ಕಾಗದವನ್ನು ಮಡಚಿದ. ಇಪ್ಪತ್ತೆರಡು ವರ್ಷ ಹಾಲಿನವರ ಜೊತೆ ಕಳೆದವನು ಅವಸರ ಮಾಡುವುದಿಲ್ಲ.

“ಸರಿ ಮುಂಡಪ್ಪಣ್ಣ, ಹೀಗೆ ಮಾಡುವ. ನಾಳೆ ಬೆಳಿಗ್ಗೆ ನಾನೇ ನಿಮ್ಮ ಹಟ್ಟಿಗೆ ಬರ್ತೇನೆ. ನನ್ನ ಕಣ್ಣೆದುರು ಕರೆದ ಹಾಲು, ನನ್ನ ಕೈಯಲ್ಲೇ ತಂದು, ಇದೇ ಯಂತ್ರಕ್ಕೆ. ನಾಳೆಯೂ ಹನ್ನೊಂದೇ ಬಂದ್ರೆ ಯಂತ್ರ ಹಾಳು. ಬೋರ್ಡಿನಲ್ಲಿ ನಾನೇ ಬರೀತೇನೆ. ಬಣ್ಣದ ಚಾಕಿನಲ್ಲಿ.”

“ಬೇರೆ ಬಂದ್ರೆ?” ಎಂದ ಹುಕ್ರಪ್ಪ.

“ಸೊನ್ನೆ ಬಂದ್ರೆ ಯಂತ್ರ ಸರಿ ಉಂಟು ಅಂತ ಆಯ್ತು. ಯಂತ್ರ ಸರಿ ಉಂಟಾದ್ರೆ ಇವತ್ತಿನ ಹನ್ನೊಂದೂ ಸರಿ. ಆಮೇಲೆ ಅಂಗಳ...”

“ಬೇರೆ ಹೇಗೆ ಬರ್ತದೆ?” ಎಂದು ಮುಂಡಪ್ಪ ಗರ್ಜಿಸಿದ. “ಅದೇ ದನ, ಅದೇ ಹುಲ್ಲು, ಅದೇ ಕ್ಯಾನು! ಇವತ್ತು ತೋರಿಸಿದ್ದೇ ನಾಳೆಯೂ ತೋರಿಸ್ತದೆ ನಿನ್ನ ಹಾಳು ಡಬ್ಬ! ಕೈ ಕೊಡು.”

ಚನಿಯಪ್ಪ ಕೈ ಕೊಟ್ಟ. ಎಂಬತ್ತು ಕಣ್ಣುಗಳ ಎದುರು ಮಾತು ಗಟ್ಟಿಯಾಯಿತು. ಮುಂಡಪ್ಪನನ್ನು ಗೇಟಿನ ತನಕ ಜನ ಬಿಟ್ಟು ಬಂದರು. ಚುನಾವಣೆ ಗೆದ್ದವರನ್ನು ಕಳುಹಿಸುವ ಹಾಗೆ.

ಪ್ರೇಮಾವತಿ ಜಗಲಿಯಲ್ಲಿ ಕುಳಿತಿದ್ದಳು. ಅವನು ನಡೆದದ್ದೆಲ್ಲವನ್ನೂ ಹೇಳಿದ. ಕುರ್ಚಿ ಹತ್ತಿದ್ದನ್ನು ಎರಡು ಸಲ ಹೇಳಿದ. ಪೆಟ್ಟಿಗೆಯನ್ನು ಟಿವಿಯ ಹಿಂದಿಡದೆ ಮುಂದೆಯೇ ಇಟ್ಟ. ಚಾ ಕುಡಿದ. ಆಮೇಲೆ, ಗೆದ್ದವನ ಔದಾರ್ಯದಲ್ಲಿ, “ಬೆಳಿಗ್ಗೆ ಎಂಥದೋ ಹೇಳ್ಲಿಕ್ಕೆ ಇತ್ತಲ್ಲ, ಈಗ ಹೇಳು,” ಎಂದ.

“ಈಗ ಹೇಳಿ ಎಂಥ ಪ್ರಯೋಜನ?”

“ಪರವಾಗಿಲ್ಲ, ಹೇಳು.”

“ಅತ್ತೆ ಇರುವಾಗ ನನಗೆ ಒಂದು ಮಾತು ಹೇಳಿಕೊಟ್ಟಿದ್ರು,” ಎಂದಳು ಪ್ರೇಮಾವತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. “ಹಾಲು ಹೊಸ್ತಿಲು ದಾಟುವ ಮೊದಲು ಒಂದು ಹನಿ ನೀರು ಬಿಡ್ಬೇಕು. ಇಲ್ಲದಿದ್ರೆ ದನದ ಕೆಚ್ಚಲಿಗೆ ದೃಷ್ಟಿ ಆಗ್ತದೆ. ಮೂವತ್ತೆರಡು ವರ್ಷದಿಂದ ದಿನಾ ಒಂದು ಹನಿ ಬಿಡ್ತೇನೆ. ಯಾವ ಯಂತ್ರವೂ ಕೇಳ್ಲಿಲ್ಲ.”

“ಒಂದು ಹನಿಗೆ ಹನ್ನೊಂದು ಪರ್ಸೆಂಟ್ ಬರುದಿಲ್ಲ ಮಾರಾಯ್ತಿ.”

“ನೀವು ಬೊಳ್ಳಿಯ ಫೋಟೋ ಹಾಕಿದ್ರಿ. ಎಂಬತ್ತನಾಲ್ಕು ಜನ ನೋಡಿ ಹೆಬ್ಬೆಟ್ಟು ಒತ್ತಿದ್ರು ಅಂತ ನೀವೇ ಹೆಸರು ಓದಿದ್ರಿ. ನಿನ್ನೆಯಿಂದ ಬೊಳ್ಳಿ ಸರಿ ಮೇಯುದಿಲ್ಲ. ಎಂಬತ್ತನಾಲ್ಕು ಜನರ ದೃಷ್ಟಿಗೆ ಒಂದು ಹನಿ ಸಾಕಾಗ್ತದಾ? ಇವತ್ತು ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಅಂತ ಬಿಡ್ತಾ ಇದ್ದೆ.”

“ಎಂಬತ್ತನಾಲ್ಕು ಹನಿ?”

“ಹುಕ್ರಪ್ಪಣ್ಣನ ಹೆಸರಿಗೆ ಬರುವಾಗ ಲೆಕ್ಕ ತಪ್ಪಿತು. ಅವರ ದೃಷ್ಟಿ ಸ್ವಲ್ಪ ಜೋರು ಬೇರೆ. ಮತ್ತೆ ಚೊಂಬಿನಲ್ಲಿಯೇ ಹಾಕಿದೆ.”

ಮುಂಡಪ್ಪ ಜಗಲಿಯಿಂದ ಕತ್ತು ಚಾಚಿ ನೋಡಿದ. ಹಟ್ಟಿಯಲ್ಲಿ ಬೊಳ್ಳಿ, ಯಾವ ದೃಷ್ಟಿಯೂ ತಾಗದವಳ ಹಾಗೆ, ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದಳು.

“ನಾಳೆ ಅದೇ ಚೊಂಬಿನಲ್ಲಿ ಅಷ್ಟೇ ಹಾಕಿದ್ರೆ ಆಗ್ತಿತ್ತು,” ಎಂದ ಕೊನೆಗೆ. “ಹನ್ನೊಂದೇ ಬರ್ತಿತ್ತು. ಯಂತ್ರ ಹಾಳು ಅಂತ ಆಗ್ತಿತ್ತು.”

“ಚನಿಯಪ್ಪ ಎದುರಿಗೆ ಇರ್ತಾನಲ್ಲ.”

“ಇರ್ತಾನೆ.”

“ಹಾಕದಿದ್ರೆ?”

“ಸೊನ್ನೆ ಬರ್ತದೆ. ಶುದ್ಧ ಹಾಲು.” ಆ ಎರಡು ಶಬ್ದಗಳನ್ನು ಅವನು ಬೈಗುಳದ ಹಾಗೆ ಉಚ್ಚರಿಸಿದ.

ಟಿವಿಯ ಮುಂದೆ ಕಾಂತು ಮಾವನ ಹಿತ್ತಾಳೆ ಸಂಜೆಯ ಬಿಸಿಲಿಗೆ ಹೊಳೆಯಿತು. ನೀರು ಬೆರೆಸಿದವನು ಇದರ ಕಣ್ಣು ತಪ್ಪಿಸಲಾರ ಎಂದಿದ್ದರು ಮಾವ. ಸುತ್ತಿ ಬಳಸಿ, ಮೂರು ತಾಲೂಕು ತಿರುಗಿಸಿ, ಕೊನೆಗೂ ಅದು ಹಿಡಿದು ಕೊಟ್ಟಿತ್ತು.

ಮುಂಡಪ್ಪ ಎದ್ದು ಹಿತ್ತಿಲಿಗೆ ಹೋದ. ಗೋಡೆಗೆ ಒರಗಿಸಿದ್ದ ಹಿಡಿಸೂಡಿಯನ್ನು ಎತ್ತಿ, ಅಂಗೈಗೆ ಎರಡು ಸಲ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿಕೊಂಡು, ಅಂಗಳದಲ್ಲಿ ಒಂದು ಗೆರೆ ಗುಡಿಸಿ ನೋಡಿದ.

“ಅದು ಯಾಕೆ? ಸೊಸೈಟಿಯಲ್ಲಿ ಹಿಡಿಸೂಡಿ ಇಲ್ವಾ?” ಎಂದಳು ಪ್ರೇಮಾವತಿ.

“ಉಂಟು,” ಎಂದ ಮುಂಡಪ್ಪ ಕತ್ತೆತ್ತಿ. “ಆದ್ರೆ ಸೊಸೈಟಿಯ ಸಾಮಾನಿನ ಮೇಲೆ ನನಗೆ ನಂಬಿಕೆ ಇಲ್ಲ.”